ಅರ್ಧ ಕಡ್ಡಿ ಅರಗು

ಕಲಂ ಇಪ್ಪತ್ತೊಂದರ ಮಾತು: ನೀರನ್ನು ಅವರ ಕಣ್ಣೆದುರೇ
ಎರಡು ಪಾಲು ಮಾಡು. ಅರಗು, ಮೊಹರು, ಇಬ್ಬರ ರುಜು.

ಬಾಗಲೂರು ದಾಟಿ, ಕಾರ್ಖಾನೆಯ ಹಿಂದಿನ ಮೋರಿಯಲ್ಲಿ
ಮೊಣಕಾಲುದ್ದ ನೊರೆ.
ಮ್ಯಾನೇಜರ್ ತಂಗವೇಲು ಎರಡೂ ಕೈ ಜೇಬಿಗಿಳಿಸಿ,
"ಇದು ಗಡಿಯಾಚೆಯದು ಮೇಡಂ, ನಿಮ್ಮ ಕನ್ನಡದವರದು."
ನಾನು ಹುಟ್ಟಿದ್ದು ಹೊಸೂರು ಸರ್ಕಾರಿ ಆಸ್ಪತ್ರೆಯಲ್ಲಿ.

ರುಜು ಒಲ್ಲೆನೆಂದರೆ ನಾನೊಬ್ಬಳೇ ಹಾಕಬಹುದು;
ಜೇಬಿನೊಳಗಿನ ಕೈಗಳನ್ನು ಕಾಯ್ದೆ ಮೊದಲೇ ಕಂಡಿತ್ತು.
ನೊರೆಯನ್ನು ಕಂಡಿರಲಿಲ್ಲ:
ಮುಚ್ಚಳ ಬಿಗಿಯುವಷ್ಟರಲ್ಲಿ ಅದು ಕುಸಿದು
ತಳದಲ್ಲಿ ಎರಡು ಬೆರಳು ತಿಳಿನೀರು.

ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುನಿತಾಯಮ್ಮ ನಿಲ್ಲದೇ ಅಂದಳು:
"ಹಗಲೊತ್ತು ಯಾಕೆ ಬತ್ತೀಯ ತಾಯಿ,
ಅವರು ಬಿಡೋದು ರಾತ್ರಿ ಎರಡಕ್ಕೆ."

ಜೀಪಿನವನಿಗೆ ಹೇಳಿದೆ, ಮನೆಗೊಂದು ಫೋನ್ ಮಾಡು.
ಚೀಲದಲ್ಲಿ ಇನ್ನೂ ನಾಲ್ಕು ಖಾಲಿ ಬಾಟಲಿ,
ಅರ್ಧ ಕಡ್ಡಿ ಅರಗು.