ಹಿಟ್ಟಿನ ಧೂಳು

ಹೊರಪೇಟೆಯ ಆ ಸೈಟಿನಲ್ಲಿ ಲಾರಿ ತಿರುಗದು.
ಗಾಜು ಬರುವುದು ರಾತ್ರಿ ಎರಡಕ್ಕೆ,
ಹಾಲಿನ ವ್ಯಾನಿಗಿಂತ ಮೊದಲು.
ಕಾಯಿಲೆಯವರನ್ನು ಇಳಿಸಿದಂತೆ ಇಳಿಸುತ್ತೇವೆ,
ಯಾರೂ ಕೆಮ್ಮುವುದಿಲ್ಲ.

ನಮ್ಮ ಗೋಡೆಗೂ ಪಕ್ಕದ ಗಿರಣಿಗೂ ನಡುವೆ ಒಂದು ಮೊಳ;
ಬೆಕ್ಕಿಗೆ ಸಾಕು.

ಅಂಟು ಹಿಡೀತಿಲ್ಲ ಸಾರ್, ಎಂದ ಮುನೀರ್
ಹನ್ನೊಂದನೇ ಮಹಡಿಯಲ್ಲಿ ತೂಗುವ ತೊಟ್ಟಿಲಿನಿಂದ,
ಬೆರಳು ಚಾಚಿ.
ಬೆರಳ ತುದಿಯಲ್ಲಿ ರಾಗಿ.

ಇಳಿದು ಹೋಗಿ ಗಂಗಹುಚ್ಚಮ್ಮನ ಮುಂದೆ ನಿಂತೆ,
ಹೆಲ್ಮೆಟ್ಟು ಕಂಕುಳಲ್ಲಿ.
ನಾಕು ದಿನ ಗಿರಣಿ ನಿಲ್ಲಿಸಿ, ನಷ್ಟ ಕಟ್ಟಿಕೊಡ್ತೀವಿ.
ಆಕೆ ಗಿರಣಿಯ ಬಾಯಿಗೆ ಸುರಿಯುತ್ತಲೇ ಕೇಳಿದಳು:
ಮೂರು ವರ್ಷ ನಿಮ್ ಸಿಮೆಂಟು ನನ್ ಹಿಟ್ಟಿಗೆ ಬಿತ್ತಲ್ಲಪ್ಪ,
ನಾನ್ಯಾರ ಮುಂದೆ ನಿಂತಿದ್ದೆ?

ಡಬ್ಬಿ ಹಿಡಿದು ಕಾಯುತ್ತಿದ್ದ ಹುಡುಗಿ ನಕ್ಕಳು.

ನಿಲ್ಲಿಸಿದಳು, ಒಂದೇ ದಿನ. ಅಮಾವಾಸ್ಯೆ,
ಹೇಗೂ ರಜ.
ಉಳಿದದ್ದನ್ನೆಲ್ಲ ಗಿರಣಿ ಮಲಗಿದ ಮೇಲೆ,
ತಲೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ,
ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಒರೆಸಿ
ಒಂದೊಂದೇ ಹಲಗೆ ಕೂರಿಸಿದೆವು.

ಈಗ ನಾಲ್ಕರ ಬಿಸಿಲು ಗಾಜಿಗೆ ಬಡಿದು
ಹೆಂಚಿನ ಸಂದಿಗಳಿಂದ ಗಿರಣಿಯೊಳಕ್ಕೆ ಬೀಳುತ್ತದೆ.
ಗಾಳಿ ತುಂಬ ತೇಲುವ ಹಿಟ್ಟು ಕಂಡು
ಇಷ್ಟೊಂದಾ, ಅಂದಳಂತೆ,
ನಲವತ್ತು ವರ್ಷ ಅದನ್ನೇ ಉಸಿರಾಡಿದವಳು.

ಹನ್ನೊಂದರಲ್ಲಿ, ಒಂದು ಕಡೆ, ಅಂಟಿನ ಕೆಳಗೆ
ಕೂದಲೆಳೆಯಷ್ಟು ಕಂದು ಗೆರೆ ಉಳಿದಿದೆ.
ನೀರು ಹಾಯಿಸಿ ನೋಡಿದೆವು, ಸೋರಲಿಲ್ಲ.
ರಿಜಿಸ್ಟರಿನಲ್ಲಿ ನಾನದನ್ನು ಬರೆದಿಲ್ಲ.