ಉಳಿದ ಏಳು ಬೋಲ್ಟು

ಪಂಜಾಬದ ಲಾರಿ ಬೆಟಗೇರಿ ಓಣ್ಯಾಗ ಹೊಳ್ಳಲಿಲ್ಲ,
ನಾಕಾದಾಗ ಇಳಿಸಿ ಹೋತು.
ಕೈಗಾಡ್ಯಾಗ ಮೂರು ಸಲಕ್ಕ ಮನಿಗೆ ಬಂತು ಜೀಪು:
ಮೊದಲು ಬಾಗಲಿಲ್ಲದ ತೊಟ್ಟಿ,
ಆಮ್ಯಾಲ ಚಾಸಿ, ನಾಕು ಗಾಲಿ,
ಕಡೀಕ ಬಾಸುಮತಿ ಅಕ್ಕಿ ಚೀಲದಾಗ
ನಟ್ಟು, ಬೋಲ್ಟು, ವಾಶರು, ಒಂದು ಹಾರ್ನು.
ಹಳ್ಳು ಆರಿಸಿದಂಗ
ನಾನ ಅವನ್ನ ಮೊರದಾಗ ಹಾಕಿ ಆರಿಸಿದೆ.
ರಸೀದಿ ಮ್ಯಾಲ ಲೋಕನಾಥಸಾ ಹೋಗಿ
ಲೋಕನಾಥ ಸಾಹೇಬ ಆಗಿದ್ರು ಇವರು.
ಎರಡು ದಿನ ಆ ರಸೀದಿ ಕಿಸೆದಾಗ ಇತ್ತು.

ಯಾವುದೋ ಲಡಾಯಿ ಕಾಲದ ಜೀಪಿನ ನಕಲಂತ.
ನಮ್ಮ ಮನಿತನದಾಗ ಲಡಾಯಿಗೆ ಹೋದವರಿಲ್ಲ.
ಜೀಪು ಹತ್ತಿದವರು ಮಾವ ಒಬ್ಬರ,
ಓಟು ಹಾಕಾಕ ಹತ್ತಿಸಿಕೊಂಡು ಹೋಗಿದ್ರಂತ,
ಬರೂಮುಂದ ನಡಕೊಂತ ಬಂದ್ರಂತ.

ಮಗ್ಗ ಮಾರಿ ಎರಡು ವರ್ಷಾತು.
ಕಟ್ಟಿಗಿ ಒಯ್ದರು, ಕುಣಿ ಒಯ್ಯಾಕ ಆಗಲಿಲ್ಲ.
ಇವರ ಕಾಲಿಗೆ ಅಳತಿ ಮಾಡಿ ತೋಡಿದ್ದು ಅದು.
ಅದರ ಮ್ಯಾಲ ಚಾಸಿ ನಿಲ್ಲಿಸಿ ಪಾನಾ ಹಿಡದು ಇಳಿದ್ರು.
ವೆಲ್ಡಿಂಗ್ ಕನ್ನಡಕ ಎತ್ತಿ ದಾವಲಸಾಬ ಅಂದ:
"ಗ್ಯಾರೇಜಿನವರು ಇಂಥಾ ಕುಣಿ
ರೊಕ್ಕಾ ಕೊಟ್ಟು ತೋಡಸ್ತಾರ ಕಾಕಾ,
ನಿಮ್ಮಪ್ಪ ಮೊದಲ ತೋಡಿಸಿಟ್ಟಾನ."

ಕೇಳಬಾರದಿತ್ತು, ಕೇಳಿದೆ.
"ನಮ್ಮ ದಡಿ ಕದ್ದು ಪಾವರಲೂಮಿನವರು ಸೀರಿ ಇಳಿಸಿದಾಗ
ನಕಲಿ ನಕಲಿ ಅಂತ ಊಟಾ ಬಿಟ್ಟಿದ್ರಿ.
ಭಿಶಿ ರೊಕ್ಕಾ ಎಲ್ಲಾ ಸುರುವಿ
ಈಗ ನೀವು ಮಾಡೂದೇನು?"
ಕುಣ್ಯಾಗ ಪಾನಾದ ಸಪ್ಪಳ ನಿಂತಿತು.
"ಅವರು ಬಟನ್ ಒತ್ತಿದ್ರು," ಅಂದ್ರು,
ಕೈ ಮ್ಯಾಲ ಚಾಚಿದ್ರು.
ಹೆಬ್ಬೆರಳ ಉಗುರು ನೀಲಿ.
ಅದು ಉತ್ತರ ಹೌದೋ ಅಲ್ಲೋ
ನನಗ ಇನ್ನೂ ತಿಳಿದಿಲ್ಲ.
ಅರಿಷಿಣ ಹಚ್ಚಿದೆ.

ವಾಯರಿನ ಗಂಟು ಬಂದಿತ್ತು, ನಕ್ಷಾ ಬಂದಿರಲಿಲ್ಲ.
ಫೋನು ಹಚ್ಚಿದ್ರ "ಹೋ ಜಾಯೇಗಾ ಜೀ" ಅಂದ ಅಲ್ಲಿಂದ.
ಎಲೆಕ್ಟ್ರಿಶನ್ ಬಂದ, ಚಾ ಕುಡದ, ತಲಿ ಕೆರಕೊಂಡ, ಹೋದ.
ಕೆಂಪು, ಹಸರು, ಹಸರಿನ್ಯಾಗ ಬಿಳಿ ಗೀರು, ಕಂದು.
ಎರಡು ಸಾವಿರ ಎಳಿ ಹಾಸು ಕೆಚ್ಚಿದ ಕೈ ಇದು,
ನಲವತ್ತು ವಾಯರಿಗೆ ಅಂಜೀತೇನು?
ಇವರು ಉಂಡು ಮಲಗಿದ ಮ್ಯಾಲ
ಬ್ಯಾಟರಿ ಬೆಳಕು ಹಿಡಕೊಂಡು ಕುಂತೆ,
ಬಣ್ಣಕ್ಕ ಬಣ್ಣ, ತುದಿಗೆ ತುದಿ,
ಹೊಸೆದೆ, ಟೇಪು ಸುತ್ತಿದೆ,
ಬಿಚ್ಚಿದೆ, ಮತ್ತ ಹೊಸೆದೆ.
ಮೂರನೇ ರಾತ್ರಿ ಎರಡೂ ಹೆಡ್‌ಲೈಟು ಒಮ್ಮೆಲೆ ಹತ್ತಿದವು.
ಎದರಿನ ಗ್ವಾಡಿ ಮ್ಯಾಲ
ಮಗ್ಗದ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು.
ಮೂವತ್ತು ವರ್ಷದಾಗ ಅಷ್ಟು ನಿಚ್ಚಳ ಕಂಡಿರಲಿಲ್ಲ.

ಒಂದು ತಪ್ಪಾತು:
ಎಡಗಡೆ ಇಂಡಿಕೇಟರ್ ಹಾಕಿದ್ರ ಹಾರ್ನ್ ಹೊಡಿತೈತಿ.
"ಇರಲಿ ಬಿಡ," ಅಂದ್ರು,
"ಎಡಕ್ಕ ಹೊಳ್ಳೂದು ಓಣಿಗೆಲ್ಲಾ ಗೊತ್ತಾಗಲಿ."

ಕಾಗದಪತ್ರ ಇಲ್ಲದ ರೋಡಿಗೆ ಇಳಿಸಬ್ಯಾಡ್ರಿ
ಅಂತ ಏಜೆಂಟ ಹೇಳಿ ಹೋಗ್ಯಾನ.
ಹಿತ್ತಲ ಗ್ವಾಡಿ ಎರಡು ಮೊಳ ಒಡದ್ರು.
ಆಚೆ ಕಡೆ ಹಾಸು ಹಾಕೂ ಬಯಲು,
ಈಗ ಯಾರೂ ಹಾಸು ಹಾಕೂದಿಲ್ಲ,
ರೋಡೂ ಅಲ್ಲ ಅದು.
ಓಣಿ ಹುಡುಗರು ಕ್ರಿಕೆಟ್ ನಿಲ್ಲಿಸಿ ಸರಿದು ನಿಂತ್ರು.
ನಾ ಬಾಜೂಕ ಕುಂತೆ, ಸೆರಗು ಸೊಂಟಕ್ಕ ಸಿಕ್ಕಿಸಿ.

ಎಡಗಾಲು ತುಳಿದ್ರು, ಬೆನ್ನಿಗೇ ಬಲಗಾಲು ತುಳಿದ್ರು.
ಕ್ಲಚ್ಚು, ಬ್ರೇಕು. ಕ್ಲಚ್ಚು, ಬ್ರೇಕು.
ಜೀಪು ಗೇಣು ಜಿಗಿತು, ನಿಂತಿತು, ಗೇಣು ಜಿಗಿತು.
"ಒಂದ ಕಾಲು ಸುಮ್ನ ಇಡ್ರಿ," ಅಂದೆ.
"ನಲವತ್ತು ವರ್ಷ ಇಟ್ಟಿಲ್ಲ, ಈಗ ಹೆಂಗ ಇಡ್ಲಿ?"
ಹಿಂಗ ಹೊಂಟ್ರ ಕಪ್ಪತಗುಡ್ಡ ಮುಟ್ಟೂದ್ರಾಗ
ಒಂದು ಸೀರಿ ಮುಗಿದೀತು, ಸೆರಗು ಸಹಿತ.
ಹುಡುಗರು ಹಿಂದ ಓಡಿ ಬಂದ್ರು, ನಮಗಿಂತ ಮುಂದ ಹೋದ್ರು.

ಚೀಲ ಝಾಡಿಸಿದಾಗ ಏಳು ಬೋಲ್ಟು ಉಳದಿದ್ದವು.
ಎಲ್ಲಿವಂತ ದಾವಲಸಾಬಗೂ ಗೊತ್ತಿಲ್ಲ.
ಒಗೆಯಾಕ ಮನಸ್ಸಾಗಲಿಲ್ಲ.
ಹಳೇ ಲಾಳಿ ಒಂದು ಇಟ್ಟಕೊಂಡಿದ್ದೆ,
ಕಂಡಿಕಿ ಕುಂಡ್ರೂ ಜಾಗಾದಾಗ ತುಂಬಿ
ಸೀಟಿನ ಬುಡಕ ಸೇರಿಸೇನಿ.
ಜೀಪು ಜಿಗಿದಾಗೊಮ್ಮೆ ಅದು ಗಿಲಗಿಲ ಅಂತೈತಿ.
ಇವರು ಪ್ರತಿ ಸಲ ಗಾಡಿ ನಿಲ್ಲಿಸಿ ಕೇಳ್ತಾರ:
"ಏನ ಸಡಲಾತು?"
ನಾ ಹೇಳಿಲ್ಲ.