ಲೋಹವಿಲ್ಲದೆ

ಪಲೇಡಿಯಂ ಸೀಸೆ ಬೀರುವಿನೊಳಗೆ,
ಬೀಗದ ಕೈ ಗಂಗುಲಪ್ಪನ ಉಡಿದಾರದಲ್ಲಿ.
ಸೋಸುವಾಗ ಒಣಗಿದರೆ ಹೊತ್ಕೊಂತದೆ ಕಣಮ್ಮಾ,
ಈ ಕರಿಪುಡಿ ಸಾವಾಸ ಬ್ಯಾಡ, ಅನ್ನುತ್ತಾನೆ.
ಬೇಡ ಅಂತಲೇ ನಾನೂ ಹೊರಟದ್ದು.

ರಾಬರ್ಟ್‌ಸನ್‌ಪೇಟೆಯಲ್ಲಿ ಐದು ರೂಪಾಯಿಗೆ ಕೊಂಡ
ಹುಟ್ಟುಹಬ್ಬದ ಬಲೂನು, ಕೆಂಪಿನದು,
ಹೈಡ್ರೋಜನ್ ಉಂಡು ಫ್ಲಾಸ್ಕಿನ ಕತ್ತಿನ ಮೇಲೆ ಕೂತಿದೆ.
ಕೆಳಗೆ ಗಾಜಿನೊಳಗೆ ಇಬ್ಬರು:
ಬೋರಾನು, ಸದಾ ಕೈಚಾಚುವ ಹಸಿದವ;
ರಂಜಕ, ಕೊಡಲೆಂದೇ ಒಂದು ಜೋಡಿ ಇಟ್ಟುಕೊಂಡವಳು.
ಸೇರಬೇಕಿತ್ತು.
ಮೈತುಂಬ ಹೊದ್ದ ದಪ್ಪ ಕಂಬಳಿಗಳು ಅಡ್ಡ ಬಂದು
ಗೇಣು ದೂರದಲ್ಲಿ ನಿಂತೇ ಇದ್ದಾರೆ.
ಆ ಸಂದಿಗೆ ಇಳಿಯುತ್ತದೆ
ಲೋಕದಲ್ಲೇ ಚಿಕ್ಕ ಗಂಟು,
ಬಿಚ್ಚಿಕೊಳ್ಳುತ್ತದೆ. ಅವನಿಗೊಂದು ಪಾಲು, ಅವಳಿಗೊಂದು.
ಅವರೂ ಇಟ್ಟುಕೊಳ್ಳುವುದಿಲ್ಲ;
ಹಾದುಹೋಗುವ ಇಮೈನಿನ ಮಡಿಲಿಗೆ ಹಾಕಿ
ಮತ್ತೆ ಬರಿಗೈ.

ನೀರು ಮಾತ್ರ ತಾಗಕೂಡದು.
ಹನಿ ಸಿಕ್ಕರೂ ಬೋರಾನು ಅದನ್ನೇ ತಬ್ಬಿ ಕೂತುಬಿಡುತ್ತದೆ.
ಊರೆಲ್ಲ ನೀರಿಗಾಗಿ ಸಾವಿರದಿನ್ನೂರಡಿ ಬೋರು ಕೊರೆಸುತ್ತದೆ,
ನಾನು ಬೋರಾನಿಗಾಗಿ ನೀರು ಓಡಿಸುತ್ತೇನೆ, ಅಂದೆ.
ಗಂಗುಲಪ್ಪ ಕೆಮ್ಮು ಬರುವಷ್ಟು ನಕ್ಕ.

ವೈವಾಗೆ ಬಂದವರು ಕೇಳಿದರು:
ಲೋಹ ಇಲ್ಲ ಅನ್ನೋದಕ್ಕೆ ಗ್ಯಾರಂಟಿ ಏನು?
ಚಮಚ ಸ್ಟೀಲಿನದಲ್ಲವೆ? ಊರು ಕೆಜಿಎಫ್ ಅಲ್ಲವೆ?
ಕಿಟಕಿಯಾಚೆ ಸೈನೈಡ್ ದಿಬ್ಬ
ತನಗೇನೂ ಗೊತ್ತಿಲ್ಲವೆಂಬಂತೆ ಬಿಸಿಲಿಗೆ ಮಲಗಿತ್ತು.
ಗಾಜಿನ ಚಮಚ ಮಾಡಿಸಿ ಮತ್ತೆ ಮೂರು ಸಲ ಮಾಡಿದೆ.
ನಾಲ್ಕನೆಯದು ಇದು.

ಸೂಸೈ ತಾತ ಮೂವತ್ತೊಂದು ವರ್ಷ ಕೇಜಿನಲ್ಲಿ ಇಳಿದವರು.
ಎಕ್ಸ್‌ರೇ ಎತ್ತಿ ಡಾಕ್ಟರು ತೋರಿಸಿದ ಬಿಳಿ ಮಚ್ಚೆಗಳನ್ನು
ಪಾಟಿ ಬಹಳ ದಿನ ಚಿನ್ನ ಅಂದುಕೊಂಡಿದ್ದಳು,
ಮುಟ್ಟಿ ಮುಟ್ಟಿ ನೋಡುತ್ತಿದ್ದಳು ಆ ಹಾಳೆಯನ್ನು.
ಅಲ್ಲ. ಕಲ್ಲಿನ ಧೂಳು. ಸಿಲಿಕಾ.
ಅಲ್ಲೂ ಲೋಹ ಇರಲಿಲ್ಲ.

ಈಗ ಕಾಲಂಗೆ ಸುರಿಯುತ್ತಿರುವುದೂ ಸಿಲಿಕಾವೇ,
ಕಂಪನಿ ಡಬ್ಬಿಯದು, ಜರಡಿ ಹಿಡಿದದ್ದು,
ಮಂಜಿಗಿಂತ ಹಗುರ.
ಮಾಸ್ಕು, ಎನ್ನುತ್ತಾನೆ ಗಂಗುಲಪ್ಪ ಬಾಗಿಲಿಂದ.
ಅವನಪ್ಪನೂ ಕೆಳಗಿಳಿದವನೇ.
ಹಾಕಿಕೊಂಡಿದ್ದೇನೆ, ಮಾತು ಹೊರಡುವುದಿಲ್ಲ.

ಬಲೂನು ಬಾಳೆಹಣ್ಣಿನಷ್ಟಾಗಿದೆ.
ರಾತ್ರಿ ಹನ್ನೊಂದಕ್ಕೆ ತಟ್ಟೆಯನ್ನು ಅಯೋಡಿನ್ನಿಗಿಟ್ಟು
ಮುಚ್ಚಳ ತೆಗೆದರೆ
ಹಳೇ ಚುಕ್ಕಿ ಇದ್ದಲ್ಲಿ ಏನಿಲ್ಲ.
ಸ್ವಲ್ಪ ಕೆಳಗೆ,
ಇನ್ನೊಂದು.